ಕೈ ಮೊದಲು, ಪೀಸ್ ಆಮೇಲೆ

(ದೃಶ್ಯ: ಪವರ್ ಪ್ರೆಸ್, ಕೆಳಗಿಳಿಯುತ್ತಿರುವ ರ‍್ಯಾಮ್)

ಡೈ ಒಳಗೆ ಪೀಸ್ ಸಿಕ್ಕಿಕೊಂಡಿದೆ. ಕಾಲು ಪೆಡಲ್ ಮೇಲಿದೆ. ಕೈ ಒಳಗೆ ಹೋಗುತ್ತಿದೆ. ನಿಲ್ಲಿ!

ಹಳೇ ಮಾದರಿಯ ಕೀ-ಕ್ಲಚ್ ಪ್ರೆಸ್ಸಿನ ಗುಣ ಗೊತ್ತಿರಲಿ. ಕ್ಲಚ್ ಒಮ್ಮೆ ಹಿಡಿದರೆ ಪೂರ್ತಿ ಒಂದು ಸುತ್ತು ಮುಗಿಸಿಯೇ ನಿಲ್ಲುವುದು. ಸ್ವಿಚ್ ಆಫ್ ಮಾಡಿದರೂ ಫ್ಲೈವೀಲ್ ತಿರುಗುತ್ತಲೇ ಇರುತ್ತದೆ. ಕೈ ಅಡ್ಡ ಬಂದೊಡನೆ ಪ್ರೆಸ್ ನಿಲ್ಲಿಸುವ ಬೆಳಕಿನ ತೆರೆ, ಅಂದರೆ ಲೈಟ್ ಕರ್ಟನ್, ಇಂಥ ಯಂತ್ರಕ್ಕೆ ಉಪಯೋಗಕ್ಕೆ ಬಾರದು. ಬೆರಳು ತೂರದಂಥ ಗಟ್ಟಿ ಗಾರ್ಡೇ ಬೇಕು.

ನಡುವೆ ನಿಲ್ಲಬಲ್ಲ ಪ್ರೆಸ್ ಆದರೆ ಲೈಟ್ ಕರ್ಟನ್ ಹಾಕಬಹುದು. ಎಷ್ಟು ದೂರಕ್ಕೆ?

(ದೃಶ್ಯ: ಕೈಯಿಂದ ಡೈವರೆಗಿನ ಅಳತೆ)

ಕೈಯ ವೇಗ ಸೆಕೆಂಡಿಗೆ 1.6 ಮೀಟರ್ ಎಂದಿಟ್ಟುಕೊಳ್ಳಿ. ಯಂತ್ರ ನಿಲ್ಲಲು 0.2 ಸೆಕೆಂಡ್ ಹಿಡಿದರೆ, ಅಷ್ಟರಲ್ಲಿ ಕೈ 32 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಕರ್ಟನ್ ಅದಕ್ಕಿಂತ ದೂರವೇ ಇರಬೇಕು.

ಎರಡು ಕೈ ಬಟನ್ ಇದೆಯೇ? ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ರ‍್ಯಾಮ್ ಇಳಿಯಬೇಕು. ಒಂದಕ್ಕೆ ಟೇಪ್ ಸುತ್ತಿದರೆ ಆ ರಕ್ಷಣೆ ಅಲ್ಲಿಗೇ ಮುಗಿಯಿತು.

ಡೈ ಬದಲಿಸುವಾಗ ಮೇನ್ ಆಫ್ ಮಾಡಿ, ಬೀಗ ಹಾಕಿ, ಕೀ ನಿಮ್ಮ ಜೇಬಿನಲ್ಲಿರಲಿ. ಫ್ಲೈವೀಲ್ ನಿಲ್ಲುವ ತನಕ ಕಾಯಿರಿ. ರ‍್ಯಾಮ್ ಕೆಳಗೆ ಸೇಫ್ಟಿ ಬ್ಲಾಕ್ ಇಡಿ.

ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ತಡೆ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ನೇ ಹೇಳಿತ್ತು. ಗಾರ್ಡ್ ಹಾಕಿಸುವುದು ಮಾಲೀಕರ ಹೊಣೆ. ಕೇಳುವುದು ನಿಮ್ಮ ಹಕ್ಕು. "ಗಾರ್ಡ್ ಹಾಕಿಸಿ ಸಾರ್, ಆಮೇಲೆ ಕೂರ್ತೀನಿ" ಅನ್ನಿ.

ಇವತ್ತಿನ ಟಾರ್ಗೆಟ್ ನಾಳೆ ಮುಗಿಸಬಹುದು. ಹೋದ ಬೆರಳು ಮತ್ತೆ ಬರುವುದಿಲ್ಲ.