ಹಾಲಿನವರ ಬಿಳಿ ಬಿಯರ್

ಬೆಲ್ಜಿಯಂನ ಹೂಗಾರ್ಡನ್ ಎಂಬ ಪುಟ್ಟ ಊರಿನಲ್ಲಿ 1957ರಲ್ಲಿ ಟಾಮ್ಸಿನ್ ಬ್ರೂವರಿ ಬಾಗಿಲು ಹಾಕಿತು. ಒಂದು ಕಾಲಕ್ಕೆ ಮೂವತ್ತಕ್ಕೂ ಹೆಚ್ಚು ಬ್ರೂವರಿಗಳಿದ್ದ ಊರದು. ಕೊನೆಯದೂ ಮುಚ್ಚಿದ ಮೇಲೆ ಅಲ್ಲಿನ ಮಬ್ಬುಮಬ್ಬಾದ ಬಿಳಿ ಗೋಧಿ ಬಿಯರ್ ಹಳಬರ ಮಾತಿನಲ್ಲಷ್ಟೇ ಉಳಿಯಿತು. ಹುಡುಗನಾಗಿದ್ದಾಗ ಆ ಬ್ರೂವರಿಯಲ್ಲಿ ಕೈಯಾಳಾಗಿದ್ದ ಪಿಯೆರ್ ಸೆಲಿಸ್ ಮುಂದೆ ಮನೆಮನೆಗೆ ಹಾಲು ಹಾಕುವ ಕೆಲಸ ಹಿಡಿದಿದ್ದರು. 1960ರ ದಶಕದ ನಡುವಿನಲ್ಲಿ, ಕಣ್ಣಾರೆ ಕಂಡದ್ದನ್ನು ನೆನಪಿಸಿಕೊಂಡು ಅವರೇ ಅದನ್ನು ಮತ್ತೆ ಕುದಿಸಲು ಹೊರಟರು. ಮಾಲ್ಟ್ ಮಾಡದ ಹಸಿ ಗೋಧಿ, ಬಾರ್ಲಿ ಮಾಲ್ಟ್, ತುಸು ಹಾಪ್ಸ್. ಜೊತೆಗೆ ಕೊತ್ತಂಬರಿ ಬೀಜ, ಕಹಿ ಕಿತ್ತಳೆಯ ಒಣಸಿಪ್ಪೆ. ಇವತ್ತು ಯಾರು ಮನೆಯಲ್ಲಿ ಈ ಬಿಳಿ ಬಿಯರ್, ಅಂದರೆ 'ವಿಟ್‌ಬಿಯರ್' ಮಾಡಿದರೂ ಆ ಹಾಲಿನವರ ಹಂಡೆಯಿಂದಲೇ ಒಂದು ಸೌಟು ಎತ್ತಿಕೊಂಡಂತೆ.

ಪಕ್ಕದ ಜರ್ಮನಿಯವರಿಗೆ ಇದು ಒಗ್ಗದ ಸಂಗತಿ. ಬವೇರಿಯಾದ 1516ರ ಕಟ್ಟಳೆ ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟೇ ಸಾಕೆಂದಿತ್ತು. ಅವರ ಗೋಧಿ ಬಿಯರಿನಲ್ಲಿ ಬರುವ ಲವಂಗ, ಬಾಳೆಹಣ್ಣಿನ ಘಮ ಯೀಸ್ಟ್ ತಾನೇ ಹುಟ್ಟಿಸಿದ್ದು. ಅದರಲ್ಲಿ ಲವಂಗವೂ ಇಲ್ಲ, ಬಾಳೆಯೂ ಇಲ್ಲ. ಬೆಲ್ಜಿಯನ್ನರು ಮಸಾಲೆ ಡಬ್ಬಿಗೇ ಕೈಹಾಕಿದರು. ಆ ಡಬ್ಬಿ ತುಂಬಿದ್ದು ಹಡಗಿನ ವ್ಯಾಪಾರ. ಕೆರಿಬಿಯನ್ನಿನ ಕ್ಯುರಸಾವ್ ದ್ವೀಪದಲ್ಲಿ ಸ್ಪೇನಿನವರು ನೆಟ್ಟ ಕಿತ್ತಳೆ ಅಲ್ಲಿನ ಒಣನೆಲದಲ್ಲಿ ತಿನ್ನಲಾಗದಷ್ಟು ಕಹಿಯಾಯಿತು, ಆದರೆ ಸಿಪ್ಪೆಯ ಎಣ್ಣೆ ಮಾತ್ರ ಘಮಘಮಿಸಿತು. 1634ರಲ್ಲಿ ದ್ವೀಪ ಡಚ್ಚರ ಕೈಸೇರಿತು. ಬಿಯರಿಗೆ ಹಾಕುವ ಕಹಿಸಿಪ್ಪೆಗೆ ಇಂದಿಗೂ ಆ ದ್ವೀಪದ ಹೆಸರೇ ಅಂಟಿಕೊಂಡಿದೆ.

ಮನೆಯಲ್ಲಿ ಮಾಡುವವರು ಎಡವುವುದು ಈ ಸಿಪ್ಪೆಯಲ್ಲೇ. ಹಣ್ಣಿನ ಬಣ್ಣದ ಹೊರಪದರದಲ್ಲಿರುವುದು ಎಣ್ಣೆ, ಅದರ ಬಹುಪಾಲು ಲಿಮೊನೀನ್. ಅದರಡಿಯ ಬಿಳಿ ತಿರುಳಿನಲ್ಲಿರುವುದು ಬರೀ ಕಹಿ. ಅಂಗಡಿಯ ಪೊಟ್ಟಣದಲ್ಲಿ ಸಿಗುವ ಬೂದುಬಣ್ಣದ ಒಣಚೂರುಗಳಲ್ಲಿ ಹೆಚ್ಚಿನಂಶ ಈ ತಿರುಳೇ. ನನ್ನ ಮಟ್ಟಿಗೆ ಅದು ದುಡ್ಡು ದಂಡ. ತಾಜಾ ಹಣ್ಣು ತಂದು, ಸಣ್ಣ ತುರಿಮಣೆಯಲ್ಲಿ ಬಣ್ಣವನ್ನಷ್ಟೇ ತುರಿದುಕೊಳ್ಳುವುದು ಮೇಲು. ಇಪ್ಪತ್ತು ಲೀಟರಿಗೆ ಎರಡು ಮೂರು ಹಣ್ಣಿನ ತುರಿ ಸಾಕು. ಮೇಣ ಹಚ್ಚಿದ ಹಣ್ಣಾದರೆ ಮೊದಲು ಬಿಸಿನೀರಿನಲ್ಲಿ ಉಜ್ಜಿ ತೊಳೆಯಬೇಕು.

ಕೊತ್ತಂಬರಿಯ ವಿಷಯದಲ್ಲಿ ಕನ್ನಡದ ಅಡುಗೆಮನೆಯ ಅಭ್ಯಾಸವೇ ಅಡ್ಡಬರುತ್ತದೆ. ಹುಳಿಪುಡಿಗೆ ಬೀಜವನ್ನು ಹದವಾಗಿ ಹುರಿದರೇ ನಮಗೆ ಸಮಾಧಾನ. ಇಲ್ಲಿ ಹುರಿಯಲೇಬಾರದು. ಬೇಕಾದದ್ದು ಬೀಜದ ಲಿನಲೂಲ್, ಹೂವನ್ನೂ ನಿಂಬೆಯನ್ನೂ ಒಟ್ಟಿಗೆ ನೆನಪಿಸುವ ಹಗುರ ಘಮ. ಬಾಣಲೆಯಲ್ಲಿ ಅದು ಹಾರಿಹೋಗಿ ಸಾರಿನ ಪುಡಿಯ ಗಾಢ ವಾಸನೆ ಉಳಿಯುತ್ತದೆ. ಹಸಿಬೀಜವನ್ನು ಕುಟ್ಟಾಣಿಯಲ್ಲಿ ಒಡೆದು, ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ಕುದಿಯ ಕೊನೆಯ ಐದು ನಿಮಿಷಕ್ಕೆ ಇಳಿಬಿಡಬೇಕು. ಹದಿನೈದು ಗ್ರಾಂನಿಂದ ಶುರುಮಾಡಿದರೆ ಸಾಕು, ಮೂವತ್ತು ದಾಟಬಾರದು. ಹಳೆಯ ಬೀಜ ಹಾಕಿದರೆ ಬಿಯರಿಗೆ ಸಂಸ್ಕರಿಸಿದ ಮಾಂಸದಂಥ ವಾಸನೆ ಬರುತ್ತದೆಂಬ ದೂರು ಈ ಹವ್ಯಾಸಿಗಳಲ್ಲಿ ಸಾಮಾನ್ಯ. ಅಮೆರಿಕದ ಎಷ್ಟೋ ಜನ ಇದಕ್ಕೆಂದೇ ಭಾರತೀಯ ದಿನಸಿ ಅಂಗಡಿಗೆ ಹೋಗಿ, ಗುಂಡಗಿನ ಬೀಜ ಬಿಟ್ಟು ಉದ್ದುದ್ದನೆಯ, ತಿಳಿಬಣ್ಣದ ನಮ್ಮ ಬೀಜವನ್ನೇ ಆರಿಸುತ್ತಾರೆ. ಅದರಲ್ಲಿ ಕಿತ್ತಳೆಯ ಘಮ ಹೆಚ್ಚೆಂದು ಅವರ ಲೆಕ್ಕ.

ಕೊತ್ತಂಬರಿ ಹಾಕಿದಂತೆಯೇ ಉಳಿಯುವುದೂ ಇಲ್ಲ. ಅದರಲ್ಲಿರುವ ಜೆರೇನಿಯಾಲನ್ನು ಯೀಸ್ಟ್ ಹುದುಗುವಾಗ ಸಿಟ್ರೊನೆಲ್ಲೋಲ್ ಆಗಿ ಬದಲಾಯಿಸುತ್ತದೆ, ಗುಲಾಬಿಯ ಕಡೆಗಿದ್ದ ಘಮ ನಿಂಬೆಯ ಕಡೆಗೆ ವಾಲುತ್ತದೆ. ಹಾಗಾಗಿ ಕುದಿಯುವ ಪಾತ್ರೆಗೆ ಮೂಗೊಡ್ಡಿ "ಇನ್ನೂ ಒಂದಿಷ್ಟಿರಲಿ" ಎನ್ನುವವರು ಕೆಡಿಸಿಕೊಳ್ಳುವುದೇ ಹೆಚ್ಚು. ಕುಡಿದವರು ಮೊದಲ ಗುಟುಕಿಗೇ "ಕೊತ್ತಂಬರಿ" ಎಂದರೆ ಹದ ತಪ್ಪಿದೆ. ಕೈತಡೆಯಲಾರದವರಿಗೆ ಒಂದು ಉಪಾಯವಿದೆ: ಬೀಜವನ್ನೂ ಸಿಪ್ಪೆಯನ್ನೂ ಒಂದಿಷ್ಟು ವೋಡ್ಕಾದಲ್ಲಿ ಕೆಲವು ದಿನ ನೆನೆಹಾಕಿ, ಸೋಸಿ, ಬಾಟಲಿಗೆ ತುಂಬುವ ಹೊತ್ತಿನಲ್ಲಿ ಮೊದಲು ಒಂದು ಲೋಟ ಬಿಯರಿಗೆ ಹನಿಹನಿ ಹಾಕಿ ರುಚಿ ನೋಡುವುದು, ಆಮೇಲೆ ಆ ಲೆಕ್ಕದಲ್ಲೇ ಉಳಿದದ್ದಕ್ಕೆ ಬೆರೆಸುವುದು.

ಇದೆಲ್ಲ ಕಾನೂನು ಒಪ್ಪುವ ಕಡೆಯ ಮಾತು. ಅಮೆರಿಕದಲ್ಲಿ ಅಧ್ಯಕ್ಷ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯ್ದೆಯಿಂದ, ವಯಸ್ಕರೊಬ್ಬರು ವರ್ಷಕ್ಕೆ ಸುಮಾರು 378 ಲೀಟರ್ ಬಿಯರನ್ನು ಸ್ವಂತಕ್ಕೆ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಅಲಬಾಮ, ಮಿಸಿಸಿಪ್ಪಿ ಒಪ್ಪಲು 2013 ಆಯಿತು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಇಲ್ಲಿರುವವರು ಬೆಂಗಳೂರಿನ ಮೈಕ್ರೋಬ್ರೂವರಿಗಳ ಗೋಧಿ ಬಿಯರಿನಲ್ಲೇ ತೃಪ್ತಿಪಡಬೇಕು.

ಮತ್ತೆ ಹೂಗಾರ್ಡನ್ನಿಗೆ ಬಂದರೆ, ಸೆಲಿಸ್ ಅಲ್ಲಿ ನಡೆಸುತ್ತಿದ್ದ ಬ್ರೂವರಿ 1985ರಲ್ಲಿ ಬೆಂಕಿಗೆ ಸಿಕ್ಕಿತು. ಮತ್ತೆ ಕಟ್ಟಲು ದೊಡ್ಡ ಕಂಪನಿಯ ಹಣ ಬಂತು, ಹಿಂದೆಯೇ ಅದರ ಹಿಡಿತವೂ ಬಂತು. ಅವರು ಮಾರಿ ಹೊರಟು, 1992ರಲ್ಲಿ ಟೆಕ್ಸಾಸಿನ ಆಸ್ಟಿನ್‌ನಲ್ಲಿ ಹೊಸದಾಗಿ ಶುರುಮಾಡಿದರು. ಮೂರು ವರ್ಷದ ಬಳಿಕ ಡೆನ್ವರಿನಲ್ಲಿ ಕೀತ್ ವಿಲ್ಲಾ ಎಂಬ ಬ್ರೂವರ್ ಕಹಿಸಿಪ್ಪೆಯ ಜಾಗಕ್ಕೆ ಸಿಹಿ ಕಿತ್ತಳೆಯ ಸಿಪ್ಪೆ ಹಾಕಿ 'ಬ್ಲೂ ಮೂನ್' ಮಾಡಿದರು. ಲೋಟದ ಅಂಚಿಗೆ ಕಿತ್ತಳೆ ಹೋಳು ಸಿಕ್ಕಿಸಿ ಕೊಡುವ ಚಾಳಿ ಹಬ್ಬಿದ್ದೂ ಅದರಿಂದಲೇ. ಹೋಳು ನೋಡಲು ಚೆಂದ, ಆದರೆ ಬಿಯರಿಗೆ ಬೀಳಿಸಿದರೆ ನೊರೆ ಇಳಿಯುತ್ತದೆ, ಮೆಲುವಾದ ಕೊತ್ತಂಬರಿ ಮುಚ್ಚಿಹೋಗುತ್ತದೆ. ನಾನಂತೂ ಅದನ್ನು ತೆಗೆದು ಬೇರೆಯಾಗಿ ತಿನ್ನುತ್ತೇನೆ.