ನಾಲೆ ಹರಿದ ಊರು, ನಾಲೆ ಹತ್ತದ ಊರು

ಮಂಡ್ಯ ಸೀಮೆಗೆ ವಿಶ್ವೇಶ್ವರಯ್ಯ ನಾಲೆ ಬಂದ ಮೇಲೆ ಅಲ್ಲಿನ ಊರುಗಳು ಎರಡು ಬಗೆಯಾದವು. ತಗ್ಗಿನಲ್ಲಿದ್ದ ಊರಿನ ಹೊಲಗಳು ಗದ್ದೆಗಳಾದವು. ದಿಬ್ಬದ ಮೇಲಿದ್ದ ಊರಿಗೆ ನಾಲೆಯ ನೀರು ಹತ್ತಲಿಲ್ಲ, ಅದು ಮಳೆಯನ್ನೇ ನೆಚ್ಚಿಕೊಂಡು ಉಳಿಯಿತು. 1930ರ ದಶಕದಲ್ಲಿ ಕನ್ನಂಬಾಡಿ ಕಟ್ಟೆಯ ನೀರು ಬಯಲಿಗಿಳಿಯಿತು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು, ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಕಬ್ಬು ಎದ್ದು ನಿಂತಿತು. ನೀರು ಕಂಡ ಊರು ಬದಲಾಗಿರಬೇಕು, ಕಾಣದ ಊರು ಹಳೆಯ ದಾರಿಯಲ್ಲೇ ಉಳಿದಿರಬೇಕು ಎಂದು ಯಾರಿಗಾದರೂ ತೋಚುತ್ತದೆ. 1954ರಲ್ಲಿ ಇಲ್ಲಿಗೆ ಬಂದು ಹಳ್ಳಿಯಲ್ಲೇ ನೆಲೆಸಿದ ಸಂಶೋಧಕಿಯೊಬ್ಬರು ಕಂಡದ್ದು ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ.

ಅವರ ಹೆಸರು ಸ್ಕಾರ್ಲೆಟ್ ಎಪ್‌ಸ್ಟೈನ್. 1922ರಲ್ಲಿ ವಿಯೆನ್ನಾದ ಯಹೂದಿ ಮನೆಯಲ್ಲಿ ಹುಟ್ಟಿ, ನಾಜಿಗಳು ಊರು ಹೊಕ್ಕಾಗ ದೇಶ ಬಿಟ್ಟು, ಕೊನೆಗೆ ಇಂಗ್ಲೆಂಡ್ ಸೇರಿದವರು. ಅಲ್ಲಿ ಅರ್ಥಶಾಸ್ತ್ರ ಓದಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರದ ಕಡೆ ಹೊರಳಿದರು. ಮಂಡ್ಯದ ಬಳಿ ಎರಡು ಹಳ್ಳಿಗಳನ್ನು ಆರಿಸಿಕೊಂಡು, ಅಲ್ಲಿನವರ ಗುಟ್ಟು ಬಯಲಾಗದಿರಲೆಂದು ಪುಸ್ತಕದಲ್ಲಿ ಅವುಗಳ ಹೆಸರು ಬದಲಿಸಿದರು. ನೀರಾವರಿಯ ಊರಿಗೆ ವಂಗಲ, ಒಣ ಊರಿಗೆ ದಲೇನ. ಮನೆಮನೆಯ ಜಮೀನು, ಸಾಲ, ಖರ್ಚು, ಕೂಲಿ, ಮದುವೆ, ಜಗಳ ಎಲ್ಲವನ್ನೂ ಬರೆದುಕೊಂಡರು. 1962ರಲ್ಲಿ ಬಂದ ಆ ಪುಸ್ತಕವನ್ನು ಹಳ್ಳಿಯ ಬದುಕಿನ ಅಧ್ಯಯನ ಮಾಡುವವರು ಇಂದಿಗೂ ಓದುತ್ತಾರೆ.

ವಂಗಲದಲ್ಲಿ ಹಣ ಬಂತು. ಆದರೆ ಆ ಹಣ ಬೇಸಾಯದ ದಾರಿಯಲ್ಲೇ ಬಂತು. ಒಕ್ಕಲಿಗರು ಒಕ್ಕಲುತನವನ್ನೇ ಹಿಗ್ಗಿಸಿಕೊಂಡರು, ಆದಿಕರ್ನಾಟಕರು ಅವರ ಹೊಲದಲ್ಲೇ ದುಡಿದರು. ತಲೆಮಾರಿನಿಂದ ಬಂದ ಒಡೆಯ-ಆಳಿನ ನಂಟು ಸಡಿಲಾಗಲಿಲ್ಲ. ಅದು ಎಷ್ಟು ಬಿಗಿಯಾಗಿತ್ತೆಂಬುದಕ್ಕೆ ಎಪ್‌ಸ್ಟೈನ್ ದಾಖಲಿಸಿದ ಒಂದು ನಾಟಕದ ಪ್ರಸಂಗ ಸಾಕು. ಊರಿನ ಆದಿಕರ್ನಾಟಕರು ನಾಟಕ ಆಡಲು ಹೊರಟರು. ರಾಜನ ಪಾತ್ರಧಾರಿ ಸಿಂಹಾಸನದಲ್ಲಿ ಕೂರಬೇಕು, ನೋಡುವ ಒಕ್ಕಲಿಗರು ನೆಲದ ಮೇಲೆ ಕೂರಬೇಕು. ಬಣ್ಣ ಹಚ್ಚಿದ ಆಟವಾದರೂ ಆ ಎತ್ತರವನ್ನು ಊರು ತಡೆದುಕೊಳ್ಳಲಿಲ್ಲ. ಮಾತು ಬೆಳೆದು ಅವರನ್ನು ಕೆಲಸಕ್ಕೆ ಕರೆಯದೆ ಬಹಿಷ್ಕಾರ ಹಾಕುವವರೆಗೂ ಹೋಯಿತು. ಗದ್ದೆಗೆ ಬಂದ ಹೊಸ ನೀರು ಕೂರುವ ಜಾಗವನ್ನು ಒಂದಿಂಚೂ ಕದಲಿಸಿರಲಿಲ್ಲ.

ದಲೇನದ್ದು ಬೇರೆ ಕಥೆ. ಸ್ವಂತ ಹೊಲಕ್ಕೆ ನೀರಿಲ್ಲದವರು ಸುತ್ತಲಿನ ನೀರಾವರಿಯಿಂದಲೇ ಬದುಕು ಹುಡುಕಿದರು. ಹಿಟ್ಟಿನ ಗಿರಣಿ ಹಾಕಿದರು, ಕಬ್ಬಿನ ಗಾಣ ಇಟ್ಟರು, ವ್ಯಾಪಾರಕ್ಕಿಳಿದರು, ಮಂಡ್ಯದ ಕಾರ್ಖಾನೆಯಲ್ಲಿ, ಸರ್ಕಾರಿ ಇಲಾಖೆಗಳಲ್ಲಿ ಕೆಲಸ ಹಿಡಿದರು. ಕೈಲಾದವರು ಪಕ್ಕದೂರುಗಳಲ್ಲಿ ನೀರಾವರಿ ಜಮೀನು ಕೊಂಡರು. ಸಂಬಳ ತರುವವನಿಗೆ, ಹೊರಗಿನ ಸಂಪರ್ಕ ಇದ್ದವನಿಗೆ ಊರಿನಲ್ಲಿ ಮಾತಿನ ಬಲ ಬಂತು. ಹಳೆಯ ಒಡೆಯ-ಆಳಿನ ಕಟ್ಟು, ಜಾತಿಯ ಹಿರಿಯರ ಹಿಡಿತ, ಎಲ್ಲವೂ ಸಡಿಲವಾಗತೊಡಗಿದವು.

ಇಂಥದ್ದನ್ನು ಒಂದು ದಿನ ಬಂದು ಪ್ರಶ್ನಾವಳಿ ತುಂಬಿಕೊಂಡು ಹೋಗುವವರು ಕಾಣುವುದು ಕಷ್ಟ. ಅದಕ್ಕೆ ಕಣದಲ್ಲಿ ನಿಂತು ಅಳತೆ ನೋಡಬೇಕಾಗುತ್ತದೆ.

ಭತ್ತದ ನಾಟಿಯ ಕಥೆಯೂ ಅಂಥದ್ದೇ. 1950ರ ದಶಕದಲ್ಲಿ ಸರ್ಕಾರ ಜಪಾನ್ ಮಾದರಿಯ ಭತ್ತದ ಬೇಸಾಯವನ್ನು ಜೋರಾಗಿ ಪ್ರಚಾರ ಮಾಡಿತು. ಸಾಲು ಹಿಡಿದು ನಾಟಿ, ಹೆಚ್ಚು ಕಳೆ ಕೀಳುವುದು, ಹೆಚ್ಚು ಇಳುವರಿ. ವಂಗಲದ ರೈತರು ಅದನ್ನು ಒಪ್ಪಲಿಲ್ಲ. ಅದೇ ರೈತರು ಕಬ್ಬಿನಲ್ಲಿ ಹೇಳಿದ ಹೊಸ ವಿಧಾನಗಳನ್ನೆಲ್ಲ ಬೇಗ ಕಲಿತಿದ್ದರು. ಒಬ್ಬನೇ ರೈತ ಒಂದು ಬೆಳೆಗೆ ಮುಂದು, ಇನ್ನೊಂದಕ್ಕೆ ಹಿಂದು ಆದದ್ದು ಹೇಗೆ? ಎಪ್‌ಸ್ಟೈನ್ ಉತ್ತರ ಹುಡುಕಿದ್ದು ಕೂಲಿಯ ಲೆಕ್ಕದಲ್ಲಿ. ಭತ್ತದ ನಾಟಿಗೆ ಹೆಂಗಸರ ಗುಂಪು ಬರುತ್ತಿತ್ತು, ಅವರ ಕೂಲಿ ವಾಡಿಕೆಯಿಂದ ಗೊತ್ತಾಗಿತ್ತು. ಸಾಲು ಹಿಡಿದು ನಾಟಿ ಮಾಡಿದರೆ ಹೊತ್ತು ಹೆಚ್ಚು ಬೇಕು, ಬೆನ್ನು ಹೆಚ್ಚು ಬಾಗಬೇಕು. ಬರುವ ಹೆಚ್ಚಿನ ಭತ್ತ ಜಮೀನಿನವನ ಕಣಜಕ್ಕೆ. ಹಳೆಯ ಕೂಲಿಗೆ ಹೊಸ ದುಡಿಮೆ ಯಾಕೆ ಮಾಡಬೇಕು? ಕಬ್ಬು ಹೊಸ ಬೆಳೆ, ಅದಕ್ಕೆ ಹಳೆಯ ಕಟ್ಟಳೆ ಇರಲಿಲ್ಲ, ದುಡ್ಡಿನ ಕೂಲಿ ನಡೆಯುತ್ತಿತ್ತು. ಅಧಿಕಾರಿಗಳು ರೈತನ ಮೌಢ್ಯವೆಂದು ಸುಲಭವಾಗಿ ಬಗೆದುಬಿಡಬಹುದಾಗಿದ್ದ ಸಂಗತಿಯ ಹಿಂದೆ ನಾಟಿ ಹಾಕುವ ಹೆಂಗಸರ ಸರಿಯಾದ ಲೆಕ್ಕಾಚಾರವಿತ್ತು.

ಆ ವಾಡಿಕೆಯ ಕೂಲಿಗೂ ಅದರದೇ ತರ್ಕವಿತ್ತು. ಸುಗ್ಗಿಯಲ್ಲಿ ಆಳುಮಗನಿಗೂ ಕಸುಬಿನವನಿಗೂ ಸಿಗುವ ಕಾಳಿನ ಪ್ರಮಾಣ ಬೆಳೆ ಚೆನ್ನಾದರೂ ಅಷ್ಟೇ, ಕೆಟ್ಟರೂ ಅಷ್ಟೇ. ಒಳ್ಳೆಯ ವರ್ಷದಲ್ಲಿ ಮಿಕ್ಕಿದ್ದೆಲ್ಲ ಒಡೆಯನದು. ಕೆಟ್ಟ ವರ್ಷದಲ್ಲಿ ಇದ್ದಷ್ಟನ್ನು ಹಂಚಿಕೊಂಡರೆ ಒಡೆಯನ ಮನೆಗೂ ಆಳಿನ ಮನೆಗೂ ಹೆಚ್ಚು ಅಂತರ ಉಳಿಯುತ್ತಿರಲಿಲ್ಲ. ಬರಗಾಲದಲ್ಲಿ ಜೀವ ಉಳಿಸುವ ಭರವಸೆಗಾಗಿ ಸುಭಿಕ್ಷದ ಪಾಲನ್ನು ಬಿಟ್ಟುಕೊಟ್ಟ ಒಪ್ಪಂದವಿದು ಎಂದು ಎಪ್‌ಸ್ಟೈನ್ ವಾದಿಸಿದರು. ನಾಲೆಯಿಂದ ಬೆಳೆಗೆ ಖಾತ್ರಿ ಬಂದ ಮೇಲೆ ಆಳಿನ ಪಾಲಿಗೆ ಈ ಒಪ್ಪಂದದಲ್ಲಿ ಉಳಿದ ಲಾಭ ಎಷ್ಟು ಎಂಬ ಪ್ರಶ್ನೆ ಅಲ್ಲಿಂದಲೇ ಏಳುತ್ತದೆ.

1970ರಲ್ಲಿ ಅವರು ಅದೇ ಎರಡು ಊರುಗಳಿಗೆ ಮರಳಿದರು. ಇದೇ ಈ ಕೆಲಸದ ದೊಡ್ಡ ಬೆಲೆ. ಒಂದು ಸಲ ನೋಡಿದ್ದು ಚಿತ್ರ, ಹದಿನೈದು ವರ್ಷ ಬಿಟ್ಟು ಅದೇ ಮನೆಗಳಿಗೆ ಹೋದಾಗ ಏರಿದವರಾರು, ಇಳಿದವರಾರು ಎಂಬುದು ಕಣ್ಣಿಗೆ ಬೀಳುತ್ತದೆ. ಉಳ್ಳವರು ಇನ್ನಷ್ಟು ಬೆಳೆದಿದ್ದರು, ತೀರ ಬಡವರು ಹಿಂದೆ ಉಳಿದಿದ್ದರು. ಇನ್ನೊಂದು ಬದಲಾವಣೆ ಮದುವೆ ಚಪ್ಪರದಲ್ಲಿ ಕಂಡಿತು. ಮೊದಲು ಗಂಡಿನ ಕಡೆಯವರು ಹೆಣ್ಣಿಗೆ ತೆರ ಕೊಡುವುದು ಒಕ್ಕಲಿಗರ ರೂಢಿಯಾಗಿತ್ತು. ಈಗ ಹೆಣ್ಣಿನ ಕಡೆಯವರು ವರದಕ್ಷಿಣೆ ಕೊಡುವುದು ಶುರುವಾಗಿತ್ತು. ವರದಕ್ಷಿಣೆ ಅನಾದಿಯಿಂದ ಬಂದದ್ದು ಎನ್ನುವವರು ಈ ದಾಖಲೆಯನ್ನು ಒಮ್ಮೆ ನೋಡಬೇಕು. ಮಂಡ್ಯದ ಹಳ್ಳಿಯಲ್ಲಿ ಅದು ಹೊಸ ಹಣದ ಬೆನ್ನಿಗೆ, ಕಣ್ಣೆದುರೇ ಬಂದಿತ್ತು. ಎಪ್‌ಸ್ಟೈನ್ 1990ರ ದಶಕದಲ್ಲೂ ಮರಳಿ ಬಂದರು. ಎ.ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡ ಅವರೊಡನೆ ನಲವತ್ತು ವರ್ಷಗಳ ಬದಲಾವಣೆಯನ್ನು 1998ರಲ್ಲಿ ಪುಸ್ತಕವಾಗಿಸಿದರು.

ಇದೇ ಸೀಮೆಗೆ ಎಪ್‌ಸ್ಟೈನ್‌ಗಿಂತ ಮೊದಲೇ, 1948ರಲ್ಲಿ, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಬಂದಿದ್ದರು. ಅವರು ರಾಂಪುರ ಎಂದು ಕರೆದ ಹಳ್ಳಿಯಲ್ಲಿ, ಪಟೇಲರ ಎತ್ತುಗಳನ್ನು ಕಟ್ಟುವ ಮನೆಯಲ್ಲಿ ಅವರ ಬಿಡಾರ. ಸ್ನಾನ ಮಾಡಿ ಆಮೇಲೆ ಮುಖ ಕ್ಷೌರ ಮಾಡಿಕೊಂಡರೆಂದು ಪಟೇಲರಿಂದ ಬೈಸಿಕೊಂಡದ್ದನ್ನೂ ಅವರು ಬರೆದಿದ್ದಾರೆ. ಬ್ರಾಹ್ಮಣನಾದವನು ಹೇಗಿರಬೇಕೆಂದು ಊರು ಅವರಿಗೇ ಪಾಠ ಹೇಳಿತ್ತು. ಊರಿನಲ್ಲಿ ಯಾವ ಜಾತಿಯ ಮಾತು ನಡೆಯುತ್ತದೆ, ಅದಕ್ಕೆ ಸಂಖ್ಯೆ, ಭೂಮಿ, ಓದು ಹೇಗೆ ಬಲ ಕೊಡುತ್ತವೆ ಎಂದು ವಿವರಿಸುವ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆ ಬೆಳೆದದ್ದು ಈ ಹಳ್ಳಿಯ ಅನುಭವದಿಂದ. 1970ರ ಏಪ್ರಿಲ್‌ನಲ್ಲಿ ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ, ವರ್ಷಗಟ್ಟಲೆ ವಿಂಗಡಿಸಿ ಸಿದ್ಧಪಡಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಎದೆಗುಂದದೆ, ಮುಖ್ಯವಾಗಿ ನೆನಪನ್ನೇ ನೆಚ್ಚಿ ಬರೆದ ಪುಸ್ತಕ 1976ರಲ್ಲಿ ಹೊರಬಂತು.

ಹಳ್ಳಿಗೆ ಮರಳಿ ಹೋಗುವುದರ ಬೆಲೆಯನ್ನು ರಾಜಸ್ಥಾನದಲ್ಲಿ ಅರ್ಥಶಾಸ್ತ್ರಜ್ಞ ಎನ್.ಎಸ್. ಜೋಧಾ ಇನ್ನೊಂದು ರೀತಿಯಲ್ಲಿ ತೋರಿಸಿದರು. 1960ರ ದಶಕದಲ್ಲಿ ಎರಡು ಹಳ್ಳಿಗಳಲ್ಲಿ ಲೆಕ್ಕ ಬರೆದಿದ್ದ ಅವರು ಸುಮಾರು ಇಪ್ಪತ್ತು ವರ್ಷದ ಮೇಲೆ ಮತ್ತೆ ಹೋದರು. ಕೆಲವು ಮನೆಗಳ ತಲಾ ಆದಾಯ, ಬೆಲೆಯೇರಿಕೆ ಕಳೆದು ನೋಡಿದರೆ, ಕಡಿಮೆಯೇ ಆಗಿತ್ತು. ಅಂಕಿಯ ಪ್ರಕಾರ ಅವರು ಮತ್ತಷ್ಟು ಬಡವರು. ಅವರನ್ನೇ ಕೇಳಿದರೆ ಈಗಲೇ ಮೇಲು ಎಂದರು. ಕಾಲಿಗೆ ಚಪ್ಪಲಿ ಬಂದಿದೆ, ಮನುಷ್ಯರೂ ದನವೂ ಒಂದೇ ಕಡೆ ಮಲಗುವುದು ತಪ್ಪಿದೆ, ಕಾಳಿಗಾಗಿ, ಸಾಲಕ್ಕಾಗಿ, ಕೆಲಸಕ್ಕಾಗಿ ಒಬ್ಬನೇ ಒಡೆಯನ ಬಾಗಿಲು ಕಾಯುವುದು ತಪ್ಪಿದೆ. 1988ರಲ್ಲಿ ಪ್ರಕಟವಾದ ಈ ಲೇಖನ ಬಡತನವನ್ನು ಅಳೆಯುವವರ ನಿದ್ದೆ ಕೆಡಿಸಿತು. ಆದಾಯದ ಅಂಕಣದಲ್ಲಿ ಮರ್ಯಾದೆಗೆ ಜಾಗವಿರಲಿಲ್ಲ.

ಅಂಕಿಗಳು ಬೇಡವೆಂದು ಯಾರೂ ಹೇಳಲಾರರು. ಬೆಂಗಳೂರಿನ ಫೌಂಡೇಶನ್ ಫಾರ್ ಅಗ್ರೇರಿಯನ್ ಸ್ಟಡೀಸ್ ಸಂಸ್ಥೆ 2009ರಲ್ಲಿ ರಾಜ್ಯದ ಮೂರು ಹಳ್ಳಿಗಳ ಮನೆಮನೆ ಸಮೀಕ್ಷೆ ಮಾಡಿತು. ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಆಲಬುಜನಹಳ್ಳಿ, ಕೋಲಾರದ ರೇಷ್ಮೆ ಸೀಮೆಯ ಸಿರೇಸಂದ್ರ, ಕಲಬುರಗಿಯ ಮಳೆಯಾಶ್ರಿತ ಝಾಪುರ. ಒಂದೇ ರಾಜ್ಯದ ರೈತ ಎಂಬ ಒಂದೇ ಹೆಸರಿನಡಿ ಎಷ್ಟು ಬಗೆಯ ಬದುಕಿದೆ ಎಂಬುದಕ್ಕೆ ಈ ಮೂರು ಊರುಗಳೇ ಸಾಕ್ಷಿ.

ದೇಶದ ಲೆಕ್ಕವನ್ನೂ ನೋಡಬೇಕು. ರಾಷ್ಟ್ರೀಯ ಮಾದರಿ ಸಮೀಕ್ಷೆ 2019ರಲ್ಲಿ ಕೃಷಿ ಕುಟುಂಬಗಳ ಸ್ಥಿತಿಗತಿ ವಿಚಾರಿಸಿದಾಗ ತಿಂಗಳ ಸರಾಸರಿ ಆದಾಯ 10,218 ರೂಪಾಯಿ ಎಂದು ಕಂಡಿತು. ಅದರಲ್ಲಿ ಬೆಳೆಯಿಂದ ಬಂದದ್ದು 3,798 ರೂಪಾಯಿ. ಕೂಲಿ ಮತ್ತು ಸಂಬಳದಿಂದ ಬಂದದ್ದು 4,063 ರೂಪಾಯಿ. ಹಸು, ಎಮ್ಮೆ, ಕುರಿ, ಕೋಳಿಗಳು 1,582 ರೂಪಾಯಿ ತಂದವು. ರೈತ ಕುಟುಂಬವೆಂದು ಕರೆಸಿಕೊಂಡ ಮನೆಗೆ ಹೊಲಕ್ಕಿಂತ ಹೊರಗಿನ ದುಡಿಮೆಯಿಂದಲೇ ಹೆಚ್ಚು ಬರುತ್ತಿದೆ. 1950ರ ದಶಕದಲ್ಲಿ ದಲೇನದವರು ನೀರಿಲ್ಲದೆ ಹಿಡಿದ ದಾರಿಯನ್ನು ಇಂದು ದೇಶದ ಅಸಂಖ್ಯ ಮನೆಗಳು ಹಿಡಿದಿವೆ.

ನಮ್ಮ ಯೋಜನೆಗಳು ಇನ್ನೂ ವಂಗಲವನ್ನೇ ಕಣ್ಣಮುಂದೆ ಇಟ್ಟುಕೊಂಡಿವೆ. 2019ರಲ್ಲಿ ಶುರುವಾದ ಪಿಎಂ-ಕಿಸಾನ್ ವರ್ಷಕ್ಕೆ 6,000 ರೂಪಾಯಿ ಕೊಡುವುದು ಜಮೀನು ಉಳ್ಳ ಕುಟುಂಬಕ್ಕೆ. ಗುತ್ತಿಗೆಗೆ, ವಾರಕ್ಕೆ ಹೊಲ ಹಿಡಿದು ಬೇಸಾಯ ಮಾಡುವವನು, ನಾಟಿ ಹಾಕುವ ಹೆಂಗಸು, ಕಬ್ಬು ಕಡಿಯಲು ಬರುವ ಕೂಲಿಗಾರ ಪಹಣಿಯಲ್ಲಿ ಇರುವುದಿಲ್ಲ, ಹಾಗಾಗಿ ಪಟ್ಟಿಯಲ್ಲೂ ಇರುವುದಿಲ್ಲ. ಹೊಲಕ್ಕೆ ನೆರವು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಮನೆಯ ಮಗ ಹತ್ತುವ ಬಸ್ಸು, ಮಗಳು ಓದುವ ಕಾಲೇಜು, ಹತ್ತಿರದ ಪೇಟೆಯ ಕೂಲಿ ದರ ಕೂಡ ರೈತರ ವಿಷಯವೇ.

ಕರ್ನಾಟಕದ ಕೃಷಿ ವಿದ್ಯಾರ್ಥಿಗಳು ಪದವಿಯ ಕೊನೆಯ ವರ್ಷದಲ್ಲಿ ಹಳ್ಳಿಯಲ್ಲಿ ಇದ್ದು ಕಾರ್ಯಾನುಭವ ಪಡೆಯುತ್ತಾರೆ. ಹತ್ತಾರು ಹಳ್ಳಿಗಳನ್ನು ಗೊತ್ತುಮಾಡಿಕೊಂಡು, ಅದೇ ಮನೆಗಳ ಆದಾಯ, ಸಾಲ, ಊಟ, ಕೂಲಿಯ ಲೆಕ್ಕವನ್ನು ತಂಡದಿಂದ ತಂಡಕ್ಕೆ ಒಪ್ಪಿಸುತ್ತ ಬಂದರೆ, ಎಪ್‌ಸ್ಟೈನ್ ಒಂದಿಬ್ಬರು ಸಂಗಡಿಗರೊಡನೆ ನಲವತ್ತು ವರ್ಷ ಹೊತ್ತ ಕೆಲಸವನ್ನು ಒಂದು ವಿಶ್ವವಿದ್ಯಾಲಯ ಸುಲಭವಾಗಿ ಹೊರಬಲ್ಲದು. ಆ ಲೆಕ್ಕವನ್ನು ಕನ್ನಡದಲ್ಲಿ ಬರೆದು, ಮನೆಯವರ ಹೆಸರು ತೆಗೆದು, ಪ್ರತಿ ಸುತ್ತಿನ ಕೊನೆಗೆ ಆಯಾ ಊರಿನ ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ತಪ್ಪಿದ್ದರೆ ತಿದ್ದುವವರು ಅಲ್ಲೇ ಕುಳಿತಿರುತ್ತಾರೆ.