ಟೈರಿನೊಳಗಿನ ಉಕ್ಕಿನ ಬಳೆ

ಆಳಂದ ತಾಲ್ಲೂಕಿನ ಭೂಸನೂರಿನ ಓದುಗರೊಬ್ಬರು ಫೋನ್ ಮಾಡಿದ್ದರು. ಅಪ್ಪ ಓಡಿಸುತ್ತಿದ್ದ ಹಳೆಯ ಬೈಕು ನಾಲ್ಕು ಮಳೆಗಾಲ ಕೊಟ್ಟಿಗೆಯಲ್ಲಿ ನಿಂತಿತ್ತಂತೆ. ಈಗ ಕಬ್ಬಿನ ಹಂಗಾಮು; ಹೊಲಕ್ಕೂ ಸಕ್ಕರೆ ಕಾರ್ಖಾನೆಗೂ ಓಡಾಡಲು ಅದನ್ನೇ ಸರಿಮಾಡಿಕೊಳ್ಳೋಣವೆಂದರೆ ಹಿಂದಿನ ಗಾಲಿಯ ಟೈರು ಬಿಡುತ್ತಿಲ್ಲ. “ರಿಮ್ಮಿಗೆ ಹತ್ತಿಕೊಂಡು ಕುಂತದ್ರಿ ಸರ್. ಮ್ಯಾಲೆ ನಿಂತು ತುಳದ್ರೂ ಬಿಡವಲ್ದು, ಹಾರಿ ಹಾಕಿ ಮೀಟಿದ್ರೂ ಬರವಲ್ದು. ಇನ್ನೂ ಉದ್ದನ ಹಾರಿ ತರ್ಲೇನು?”

ತರಬೇಡಿ ಎಂದೆ. ಯಾಕೆಂದು ಹೇಳಲು ಬಳೆಗಾರರನ್ನು ನೆನೆಯಬೇಕು.

ಗಾಜಿನ ಬಳೆ ಒಂದು ಕೂದಲೆಳೆಯಷ್ಟೂ ಹಿಗ್ಗುವುದಿಲ್ಲ. ಹುಡುಗಿಯ ಮಣಿಕಟ್ಟು ಸಣ್ಣದು, ಅಂಗೈ ಅಗಲ, ಬಳೆ ಇವೆರಡರ ನಡುವಿನ ಅಳತೆಯದು. ಬಳೆಗಾರ ಬಳೆಯನ್ನು ಎಳೆಯುವುದಿಲ್ಲ. ಕೈಯನ್ನು ತನ್ನ ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ ಒತ್ತುತ್ತಾನೆ. ಬಿಗಿಯಾದರೆ ಸ್ವಲ್ಪ ಸೋಪು ಸವರುತ್ತಾನೆ. ಕೈ ಒಂದು ಕಡೆ ಕುಗ್ಗಿದಷ್ಟು ಇನ್ನೊಂದು ಕಡೆ ಬಳೆ ಸಡಿಲಾಗುತ್ತದೆ; ಗೆಣ್ಣು ದಾಟಿ ಜಾರುತ್ತದೆ. ಅವಸರದಲ್ಲಿ ಎಳೆದರೆ ಬಳೆ ಒಡೆಯುತ್ತದೆ, ಕೈಯೂ ಗೀರುತ್ತದೆ.

ಟೈರಿನ ಎರಡೂ ಅಂಚಿನೊಳಗೆ ಇಂಥದೇ ಒಂದೊಂದು ಬಳೆ ಇದೆ. ಮೆಕ್ಯಾನಿಕ್‌ಗಳು ಬೀಡ್ ಎನ್ನುವ ಆ ದಪ್ಪ ಅಂಚಿನಲ್ಲಿ ರಬ್ಬರು ಕಾಣುತ್ತದೆ, ಒಳಗಿರುವುದು ಉಕ್ಕಿನ ತಂತಿಯ ಸುತ್ತು. 18 ಇಂಚಿನ ಗಾಲಿಯಲ್ಲಿ ಅದರ ವ್ಯಾಸ ಸುಮಾರು 457 ಮಿಲಿಮೀಟರ್. ಅದು ದಾಟಬೇಕಾದ ರಿಮ್ಮಿನ ಅಂಚು ಎರಡೂ ಬದಿ ಸುಮಾರು 12 ಮಿಲಿಮೀಟರ್ ಎತ್ತರ ಎಂದಿಟ್ಟುಕೊಳ್ಳಿ. ನೇರವಾಗಿ ದಾಟಿಸಲು ಬಳೆ 481 ಮಿಲಿಮೀಟರ್ ಆಗಬೇಕು, ಅಂದರೆ ಶೇ. 5ರಷ್ಟು ಹಿಗ್ಗಬೇಕು. ಉಕ್ಕಿನ ತಂತಿ ಶೇ. 1ರಷ್ಟು ಹಿಗ್ಗುವುದೇ ಕಷ್ಟ. ಬಂಡಿಯ ಮರದ ಗಾಲಿಗೆ ಕಂಬಾರರು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿಸಿ ತೊಡಿಸುತ್ತಿದ್ದರು. ರಬ್ಬರಿನೊಳಗಿನ ತಂತಿಗೆ ಆ ಉಪಾಯ ನಡೆಯದು.

ಹಾಗಾದರೆ ಕುಗ್ಗಬೇಕಾದ್ದು ಕೈ. ರಿಮ್ಮನ್ನು ಅಡ್ಡ ಕೊಯ್ದು ನೋಡಿದರೆ ನಟ್ಟನಡುವೆ ಸುತ್ತಲೂ ಒಂದು ತಗ್ಗು ಕಾಣುತ್ತದೆ. ನನಗೆ ಇಡೀ ಬೈಕಿನಲ್ಲಿ ಅತ್ಯಂತ ಜಾಣತನದ ಜಾಗ ಅದು. ಬೀಡಿನ ಒಂದು ಬದಿಯನ್ನು 12 ಮಿಲಿಮೀಟರ್ ಆಳದ ಆ ತಗ್ಗಿಗೆ ಇಳಿಸಿದರೆ, ಎದುರು ಬದಿಯಲ್ಲಿ ಅಷ್ಟೇ ಸಡಿಲು ಸಿಗುತ್ತದೆ. ಅಂಚನ್ನು ದಾಟಲು ಬೇಕಾದಷ್ಟೇ!

ಇದನ್ನು ಕಂಡುಹಿಡಿದ ಕಾಲವೂ ಸ್ವಾರಸ್ಯದ್ದು. ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ಟೈರಿಗೆ ಪೇಟೆಂಟ್ ಪಡೆದರು. ಅದಕ್ಕೂ ನಾಲ್ಕು ದಶಕ ಮೊದಲೇ, 1845ರಲ್ಲಿ, ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಅದೇ ಕಲ್ಪನೆಗೆ ಪೇಟೆಂಟ್ ಪಡೆದಿದ್ದರು, ಲೋಕ ಮರೆತಿತ್ತು. ಡನ್‌ಲಪ್ ಟೈರು ರಿಮ್ಮಿಗೆ ಅಂಟಿಸಿದ್ದು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮಾಂ-ಫೆರ್ರಾಂ ಊರಿನ ಮಿಶೆಲಿನ್ ಸಹೋದರರ ಬಳಿ ಒಬ್ಬ ಸೈಕಲ್ ಸವಾರ ಪಂಚರ್ ಹಿಡಿದು ಬಂದ. ಬಿಚ್ಚಿ ತೇಪೆ ಹಾಕಲು ಮೂರು ತಾಸು, ಅಂಟು ಒಣಗಲು ಇಡೀ ರಾತ್ರಿ ಹಿಡಿಯಿತು. ಬಿಚ್ಚಲು ಬರುವ ಟೈರು ಬೇಕೆಂದು ಅವರಿಗೆ ಹೊಳೆದದ್ದು ಆಗ. 1891ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಓಟವನ್ನು ಶಾರ್ಲ್ ತೆರ್ರೋಂ ಗೆದ್ದದ್ದು ಅವರ ಬಿಚ್ಚುವ ಟೈರಿನ ಮೇಲೆ. ಆದರೆ ಇವತ್ತು ನಮ್ಮ ಬೈಕಿನಲ್ಲಿರುವ ಜೋಡಿ, ಅಂಚಿನಲ್ಲಿ ಹಿಗ್ಗದ ತಂತಿ ಮತ್ತು ರಿಮ್ಮಿನ ನಡುವೆ ತಗ್ಗು, ಇಂಗ್ಲೆಂಡಿನ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ 1890ರಲ್ಲಿ ಪೇಟೆಂಟ್ ಮಾಡಿಸಿದ್ದು. ಡನ್‌ಲಪ್ ಕಂಪನಿ ಅದನ್ನು ಕೊಂಡುಕೊಂಡಿತು. ಟೈರು ಎಂದೊಡನೆ ಡನ್‌ಲಪ್ ಹೆಸರು ನೆನಪಾಗುತ್ತದೆ, ವೆಲ್ಚ್ ಯಾರಿಗೂ ಗೊತ್ತಿಲ್ಲ. ಇದು ಅನ್ಯಾಯವೆಂದೇ ನನ್ನ ಅನಿಸಿಕೆ.

ಭೂಸನೂರಿನ ಬೈಕಿನಲ್ಲಿ ಬೀಡು ತಗ್ಗಿಗೆ ಇಳಿದೇ ಇಲ್ಲ, ತೊಡಕು ಅಷ್ಟೇ. ಕಬ್ಬಿಣ ತುಕ್ಕಾದಾಗ ಮೊದಲಿನ ಎರಡು ಪಟ್ಟಿಗೂ ಹೆಚ್ಚು ಜಾಗ ತಿನ್ನುತ್ತದೆ. ಉಬ್ಬಿದ ಆ ಒರಟು ತುಕ್ಕು ವರ್ಷಗಟ್ಟಲೆ ರಬ್ಬರನ್ನು ಕಚ್ಚಿ ಹಿಡಿದಿರುತ್ತದೆ. ಮೊದಲು ಈ ಕಚ್ಚು ಬಿಡಿಸಬೇಕು. ವಾಲ್‌ನ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಕಲಬುರಗಿಯ ಬಿಸಿಲು ಇಲ್ಲಿ ನೆರವಿಗೆ ಬರುತ್ತದೆ: ಒಂದು ತಾಸು ಬಿಸಿಲಿಗಿಟ್ಟ ರಬ್ಬರು ಮೆತ್ತಗಾಗುತ್ತದೆ. ಆಮೇಲೆ ಗಾಲಿಯನ್ನು ಗೋಣಿಚೀಲದ ಮೇಲೆ ಮಲಗಿಸಿ, ರಿಮ್ಮಿಗೆ ತಾಗಿದಂತೆ ಟೈರಿನ ಪಕ್ಕೆಯ ಮೇಲೆ ಒಂದು ಮರದ ತುಂಡು ಇಡಿ. ಕಬ್ಬು ಹೇರಿ ನಿಂತ ಟ್ರಾಲಿಯ ಗಾಲಿಗಳಿಗೆ ಕಲ್ಲು ಕೊಟ್ಟು, ಗಟ್ಟಿ ತೊಲೆಯ ತುದಿಯನ್ನು ಅದರ ಚಾಸಿ ಕೆಳಗೆ ಸಿಕ್ಕಿಸಿ, ತೊಲೆ ಆ ಮರದ ತುಂಡಿನ ಮೇಲೆ ಕೂರುವಂತೆ ಮಾಡಿ ಇನ್ನೊಂದು ತುದಿಯನ್ನು ಅದುಮಿ. ತೊಲೆ ಎರಡು ಮೀಟರ್, ತುಂಡು ಸಿಕ್ಕಿಸಿದ ತುದಿಯಿಂದ 20 ಸೆಂಟಿಮೀಟರ್ ದೂರದಲ್ಲಿದ್ದರೆ ಬಲ ಹತ್ತು ಪಟ್ಟು. ನಿಮ್ಮ 40 ಕಿಲೋ ಒತ್ತು ಅಲ್ಲಿ 400 ಕಿಲೋ ಆಗುತ್ತದೆ. ಟ್ರಾಲಿ ಇಲ್ಲದಿದ್ದರೆ ಇನ್ನೊಂದು ಬೈಕಿನ ಸೈಡ್ ಸ್ಟ್ಯಾಂಡನ್ನು ಪಕ್ಕೆಯ ಮೇಲೆ ಊರಿ, ಬೈಕನ್ನು ಆ ಕಡೆಗೆ ವಾಲಿಸಿದರೂ ನಡೆಯುತ್ತದೆ. ಎರಡೂ ಬದಿಯನ್ನು ಹೀಗೆ ಬಿಡಿಸಬೇಕು.

ಜಾರಲು ಸೋಪಿನ ನೀರೇ ಸಾಕು. ಡೀಸೆಲ್, ಗ್ರೀಸ್ ಬೇಡ: ಎಣ್ಣೆ ರಬ್ಬರನ್ನು ಉಬ್ಬಿಸುತ್ತದೆ, ಮೇಲಾಗಿ ಒಣಗದೆ ಉಳಿದು ಓಡುವಾಗ ಟೈರನ್ನು ರಿಮ್ಮಿನ ಮೇಲೆ ಸರಿಸಿ ಟ್ಯೂಬಿನ ವಾಲ್ ಹರಿಯುತ್ತದೆ. ಸೋಪು ಒಣಗಿ ಹಿಡಿತ ಮರಳಿ ಕೊಡುತ್ತದೆ.

ಈಗ ವಾಲ್‌ನ ಎದುರು ಬದಿಗೆ ಮಂಡಿ ಊರಿ ಬೀಡನ್ನು ತಗ್ಗಿಗೆ ತಳ್ಳಿ. ವಾಲ್ ಇರುವಲ್ಲಿ ಅದೇ ಅಡ್ಡ ಬರುವುದರಿಂದ ಅಲ್ಲಿ ಬೀಡು ಇಳಿಯದು. ಆದ್ದರಿಂದ ಮೀಟುವುದು ವಾಲ್ ಬಳಿಯಿಂದ. ಪಂಚರ್ ಅಂಗಡಿಯ ಪಟ್ಟಿ ಇಲ್ಲದಿದ್ದರೆ ಅಂಚು ಉಜ್ಜಿ ನುಣುಪು ಮಾಡಿದ ದೊಡ್ಡ ಪಾನಾ ಆದೀತು. ಒಮ್ಮೆಗೆ ಎರಡೇ ಬೆರಳು ಅಗಲ ಎತ್ತಿ. ಕೈಗೆ ಬಿಗಿ ಎನಿಸಿತೋ, ಜೋರು ಮಾಡದೆ ಎದುರು ಬದಿ ನೋಡಿ. ಬೀಡು ತಗ್ಗಿನಿಂದ ಮೇಲೆ ಬಂದಿರುತ್ತದೆ. ಉದ್ದ ಹಾರಿಯನ್ನು ಬೇಡ ಎಂದದ್ದು ಇದಕ್ಕೇ. ಅದರ ಬಲಕ್ಕೆ ರಿಮ್ಮು ಡೊಂಕಾಗಬಹುದು, ಬೀಡಿನೊಳಗೆ ತಂತಿ ತುಂಡಾಗಬಹುದು. ತಂತಿ ತುಂಡಾದ ಟೈರನ್ನು ಮತ್ತೆ ಹಾಕಲೇಬಾರದು.

ಮೂರನೆಯ ದಿನ ಅವರೇ ಮತ್ತೆ ಫೋನ್ ಮಾಡಿದರು. ಬೀಡು ‘ಟಪ್’ ಎಂದು ಬಿಟ್ಟಿತಂತೆ, ಬೊಗಸೆ ತುಂಬ ಕೆಂಪು ತುಕ್ಕು ಉದುರಿತಂತೆ. ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಮೈಯನ್ನು ಬಟ್ಟೆಯಿಂದ ಸುತ್ತಲೂ ಒರೆಸಿ ಎಂದೆ. ಬಟ್ಟೆ ಒಂದು ಕಡೆ ಸಿಕ್ಕಿಕೊಂಡಿತು. ಅಲ್ಲಿ ಅಪ್ಪನ ಕಾಲದ ಜಾಲಿ ಮುಳ್ಳೊಂದು ಇನ್ನೂ ನೆಟ್ಟಗೆ ನಿಂತಿತ್ತು.